‘ಮೋಟರ್ ತಿರಗವಲ್ದು’: ಇಲ್ಲಿ ‘ವಲ್ದು’ ಏನು?

ಪ್ರಶ್ನೆ: ಮನೆಯ ನೀರಿನ ಮೋಟರ್ ರಿಪೇರಿಯ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಬಾಗಲಕೋಟೆ ಕಡೆಯವರು ‘ಗುಂಯ್ ಅಂತೈತಿ, ತಿರಗವಲ್ದು’ ಅನ್ನುತ್ತಾರೆ. ‘ತಿರಗಂಗಿಲ್ಲ’ ಅಂದರೂ ಇದೇ ಅರ್ಥವೇ? ‘ಮೋಟರ್ ಸುಟ್ಟಿದೆ’ ಎಂದು ಬರೆಯಬಹುದೇ?

ಉತ್ತರ: ಎರಡೂ ಒಂದೇ ಅಲ್ರಿ. ‘ತಿರುಗಲೊಲ್ಲದು’ ಎಂಬುದು ಸವೆದು ‘ತಿರಗವಲ್ದು’ ಆಗಿದೆ. ‘ಮಳಿ ಬರವಲ್ದು’ ಅಂದರೆ ದಾರಿ ಕಾಯುತ್ತಿದ್ದೇವೆ, ಇನ್ನೂ ಬರುತ್ತಿಲ್ಲ. ‘ಬರಂಗಿಲ್ಲ’ ಅಂದರೆ ಬರುವುದೇ ಇಲ್ಲ. ಮೋಟರಿಗೂ ಹಾಗೆಯೇ: ಕರೆಂಟ್ ಹರಿಯುತ್ತಿದೆ, ಒಳಗೆ ಗುಂಯ್ ಎನ್ನುತ್ತಿದೆ, ಶಾಫ್ಟ್ ಮಾತ್ರ ಕದಲುತ್ತಿಲ್ಲ.

‘ಸುಟ್ಟಿದೆ’ ಎಂದು ದಯವಿಟ್ಟು ಬರೆಯಬೇಡಿ. ಕಾಯಿಲ್ ಕಪ್ಪಾಗಿ ವಾರ್ನಿಶ್ ಕಮಟು ಹೊಡೆದಾಗ ಆಡುವ ಮಾತು ಅದು. ಓದಿದವರು ಸೀದಾ ವೈಂಡಿಂಗಿಗೆ, ಅಂದರೆ ಒಳಗಿನ ತಂತಿ ಸುರುಳಿ ಹೊಸದಾಗಿ ಸುತ್ತಿಸಲು, ಒಯ್ಯುತ್ತಾರೆ. ಗುಂಯ್ ಎನ್ನುವ ಸಿಂಗಲ್ ಫೇಸ್ ಮೋಟರಿನಲ್ಲಿ ಬಹಳ ಸಲ ಹೋಗಿರುವುದು ಕೆಪ್ಯಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಸಣ್ಣ ಡಬ್ಬಿ. ರನ್ನಿಂಗ್ ವೈಂಡಿಂಗ್ ಒಂದಕ್ಕೇ ಕರೆಂಟ್ ಹೋದರೆ ಕಾಂತಬಲ ಅತ್ತಿತ್ತ ತುಯ್ಯುತ್ತದೆ, ಸುತ್ತುವುದಿಲ್ಲ. ಮೊದಲ ನೂಕು ಕೊಡುವುದು ಕೆಪ್ಯಾಸಿಟರಿನ ಜೊತೆಗಿರುವ ಸ್ಟಾರ್ಟಿಂಗ್ ವೈಂಡಿಂಗ್. ಪ್ಲಗ್ ಕಿತ್ತು, ಹಿಂದಿನ ಕವರ್ ಬಿಚ್ಚಿ, ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಿದ್ದರೆ ಅದು ‘ಜಾಮ್ ಆಗೈತಿ’: ಬೇರಿಂಗ್ ಹಿಡಿದಿದೆ, ಅಥವಾ ತಿಂಗಳುಗಟ್ಟಲೆ ನಿಂತ ಪಂಪಿನಲ್ಲಿ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ತುಕ್ಕಿನಿಂದ ಕೇಸಿಂಗಿಗೆ ಕಚ್ಚಿಕೊಂಡಿದೆ. ಸಲೀಸಾಗಿ ತಿರುಗಿದರೆ ಕೆಪ್ಯಾಸಿಟರ್ ನೋಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಇರುತ್ತದೆ. ಮುಟ್ಟುವ ಮುಂಚೆ 60 ವ್ಯಾಟಿನ ಹಳೆಯ ತಂತಿ ಬಲ್ಬಿನ ಎರಡು ವೈರುಗಳನ್ನು ಅದರ ಎರಡೂ ತುದಿಗೆ ತಾಗಿಸಿ ಇಳಿಸಬೇಕು. ಮೈಮೇಲೆ 10 ಮೈಕ್ರೊಫ್ಯಾರಡ್ (ಚಾರ್ಜ್ ಹಿಡಿಯುವ ಶಕ್ತಿಯ ಅಳತೆ) ಎಂದಿದ್ದು ಮೀಟರಿನಲ್ಲಿ 6 ಅಥವಾ 7 ತೋರಿಸಿದರೆ ಬದಲಿಸಿ. ಹೊಸದೂ 10 ಮೈಕ್ರೊಫ್ಯಾರಡ್‌ನದೇ ಆಗಿರಲಿ. ವೋಲ್ಟ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಸಾಮಾನ್ಯವಾಗಿ 440 ಇರುತ್ತದೆ.

‘ವಲ್ದು’ ಬಹಳ ಹೊತ್ತು ‘ವಲ್ದು’ ಆಗಿಯೇ ಉಳಿಯುವುದಿಲ್ಲ. ತಿರುಗದೆ ನಿಂತ ಮೋಟರ್ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಗುಂಯ್ ಎನ್ನಲು ಹಾಗೆಯೇ ಬಿಟ್ಟರೆ ಕೆಲವೇ ನಿಮಿಷದಲ್ಲಿ ‘ಸುಟ್ಟೈತಿ’ ಎಂಬುದೇ ನಿಜವಾಗುತ್ತದೆ. ಕೈಪಿಡಿಯಲ್ಲಿ ಹೀಗೆ ಬರೆಯಬಹುದು: ‘ಸದ್ದು ಬರುತ್ತದೆ, ತಿರುಗಲೊಲ್ಲದು, ಕೂಡಲೇ ಸ್ವಿಚ್ ಆರಿಸಿ.’

ಮತ್ತೊಂದು ಉತ್ತರ: ವಿಜಯಪುರದ ಕಡೆ ‘ಐತಿ’ ಹೋಗಿ ‘ಅದ’ ಬರುತ್ತದೆ, ‘ಗುಂಯ್ ಅನ್ಲಿಕತ್ತದ’ ಅನ್ನುತ್ತಾರೆ, ‘ತಿರಗವಲ್ದು’ ಮಾತ್ರ ಹಾಗೆಯೇ ಇರುತ್ತದೆ. ‘ಸ್ವಿಚ್ ಆರಿಸಿ’ ಎಂಬಲ್ಲಿ ನನ್ನ ತಕರಾರಿದೆ. ಆರಿಸುವುದು ಎಂದರೆ ಆಯ್ದುಕೊಳ್ಳುವುದೂ ಹೌದು. ಹೊಗೆ ಏಳುವ ಹೊತ್ತಿನಲ್ಲಿ ಓದುವವರಿಗೆ ಅನುಮಾನ ಬರಬಾರದು. ‘ಬಂದ್ ಮಾಡಿ’ ಎಂದೇ ಬರೆಯಿರಿ, ಎರಡೂ ಜಿಲ್ಲೆಯವರಿಗೆ ತಿಳಿಯುತ್ತದೆ.