ಹಟ್ಟಿಯ ಹೊರಗಿನ ಗುಡಿಸಲಿಗೆ ಮಗಳನ್ನೂ ಕಳುಹಿಸಬೇಕೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಗೊಲ್ಲರಹಟ್ಟಿಯೊಂದರವಳು. ಮುಟ್ಟಾದಾಗ ಹಟ್ಟಿಯ ಹೊರಗೆ ಉಳಿಯಬೇಕೆಂಬುದನ್ನು ಅಜ್ಜಿ ಅಮ್ಮನಿಗೂ ಅಮ್ಮ ನನಗೂ ಕಲಿಸಿದರು. ಹೆರಿಗೆಯ ನಂತರವೂ ಹಸುಗೂಸನ್ನು ಎದೆಗವಚಿಕೊಂಡು, ಸೋರುವ ಗುಡಿಸಲಿನಲ್ಲಿ ವಾರಗಟ್ಟಲೆ ಕಳೆದಿದ್ದೇನೆ. ಈಗ ನನ್ನ ಮಗಳು ಮೈನೆರೆದಿದ್ದಾಳೆ. ಅವಳನ್ನು ಮನೆಯಲ್ಲೇ ಇರಿಸಿಕೊಂಡರೆ ದೇವರಿಗೆ ಮೈಲಿಗೆಯಾಗುತ್ತದೆಂದು ಅಮ್ಮ ಅಳುತ್ತಾಳೆ. ಅವಳ ಮನಸ್ಸನ್ನು ನೋಯಿಸದೆ ಇದನ್ನು ನಿಲ್ಲಿಸುವುದು ಹೇಗೆ?

ಉತ್ತರ 1: ಮುಟ್ಟಾದ ಅಥವಾ ಗರ್ಭಿಣಿಯಾದ ಹೆಣ್ಣನ್ನು ಬಲವಂತವಾಗಿ ಊರಿನಿಂದ ಹೊರಗಿಡುವುದು, ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯ (2017) ಪ್ರಕಾರ ಅಪರಾಧ. ಆದರೆ ಅಮ್ಮನ ಮುಂದೆ ಮೊದಲೇ ಕಾಯ್ದೆಯ ಮಾತೆತ್ತಬೇಡಿ.

ಉತ್ತರ 2: ನಾನು ತುಮಕೂರು ಕಡೆಯ ಹಟ್ಟಿಯವಳು. ನಮ್ಮಮ್ಮನನ್ನು ಬದಲಿಸಿದ್ದು ವಾದವಲ್ಲ. ಆ ಗುಡಿಸಲಿನಲ್ಲಿ ಮೊದಲ ರಾತ್ರಿ ಹೇಗೆ ಕಳೆಯಿತೆಂದು ಕೇಳಿದೆ; ಹಾವಿನ ಭಯ, ಚಳಿ, ಹಸಿವು ಎಲ್ಲವನ್ನೂ ಹೇಳುತ್ತ ಅವಳೇ ಮೌನವಾದಳು. ಮುಂದಿನ ತಿಂಗಳು ನನ್ನ ತಂಗಿ ಮನೆಯ ಒಳಕೋಣೆಯಲ್ಲೇ ಮಲಗಿದಳು.

ಉತ್ತರ 3: ಶುಶ್ರೂಷಕಿಯಾಗಿ ಒಂದು ಮಾತು. ನವಜಾತ ಶಿಶು ತನ್ನ ಮೈಯ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ಆದ್ದರಿಂದ ಮಳೆಗಾಲದ ಗುಡಿಸಲು ಅದರ ಪ್ರಾಣಕ್ಕೇ ಅಪಾಯ. ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಸಿ, ಇದನ್ನು ಅಮ್ಮನಿಗೆ ಅವರ ಬಾಯಿಂದಲೇ ಹೇಳಿಸಿ.