ಯೌವನಸ್ಥರ ಹಳೇ ಬೇಸಿಗೆ ಶಿಬಿರ: ಕಾಗದ-ಫೋಟೊಗಳಿಗೆ ಇಸವಿ ಹಚ್ಚೋದು ಹೆಂಗ, ಅದೇ ಪದ್ಧತಿಯಲ್ಲಿ ಮತ್ತೆ ನಡೆಸೋದು ಹೆಂಗ?

ಹುಮನಾಬಾದ್ ನಾಕಾ (ಪ್ರಶ್ನೆ)

ಎಲ್ಲರಿಗೂ ವಂದನೆಗಳು.

ಸಭೆಯ ಯೌವನಸ್ಥರ ಕೂಟದಿಂದ ಹಳೇ ಬೇಸಿಗೆ ಶಿಬಿರಗಳ ನೆನಪಿನ ಪುಸ್ತಕ ತರುವ ಯೋಚನೆ ಇದೆ. ಚರ್ಚಿನ ಟ್ರಂಕಿನಲ್ಲಿ ಇರುವ ಸಾಮಾನು ಇಷ್ಟು: ಕಪ್ಪು-ಬಿಳುಪು ಮತ್ತು ಕಲರ್ ಫೋಟೊಗಳು, ಸೈಕ್ಲೋಸ್ಟೈಲ್ ಮಾಡಿದ (ಮೇಣದ ಹಾಳೆ ಕೊರೆದು, ಶಾಯಿ ಹಚ್ಚಿ ಪ್ರತಿ ತೆಗೆದ) ಹಾಡಿನ ಪುಸ್ತಕ, ಅಡುಗೆ ಖರ್ಚಿನ ವಹಿ, ಎರಡು ಕ್ಯಾಸೆಟ್, ಒಂದು ಕಾರ್ಯಕ್ರಮ ಪಟ್ಟಿ. ಪಟ್ಟಿಯೂ ಸೈಕ್ಲೋಸ್ಟೈಲೇ. ತಲೆಬರಹದಲ್ಲಿ ‘ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂದಿದೆ, ಕೆಳಗೆ ‘ಸೋಮವಾರ, ಮೇ 7’. ಇಸವಿ ಇಲ್ಲ. ಹಿರಿಯರನ್ನು ಕೇಳಿದರೆ ‘ಭಾಳ ಛೊಲೊ ಇರ್ತಿತ್ತು’ ಅನ್ನುವುದರಾಚೆ ಮಾತು ಹೋಗುತ್ತಿಲ್ಲ.

ಬರುವ ಮೇ ತಿಂಗಳಲ್ಲಿ ನೂರು ಹುಡುಗ-ಹುಡುಗಿಯರಿಗೆ ಮೂರು ದಿನ, ಊರ ಹೊರಗಿನ ಬಯಲಲ್ಲಿ, ಹಳೇ ಪದ್ಧತಿಯಲ್ಲೇ ಶಿಬಿರ ಮಾಡಬೇಕೆಂದೂ ಇದೆ. ಇಸವಿ ಪತ್ತೆ, ಅಡುಗೆ-ನೀರಿನ ಲೆಕ್ಕ, ದಿನಚರಿ, ಬಲ್ಲವರು ಹೇಳಿ. ಹೊಗಳಿಕೆ ಸಾಕಷ್ಟು ಸಿಕ್ಕಿದೆ, ಈಗ ಲೆಕ್ಕ ಬೇಕು.

ಮುರುಮ್ ಮಣ್ಣು, ಬೀದರ್

ಪಟ್ಟಿಯ ಇಸವಿ ನೀವಂದುಕೊಂಡಷ್ಟು ಕಷ್ಟ ಇಲ್ಲ. ಮೇ 7 ಸೋಮವಾರ ಬಿದ್ದದ್ದು 1973, 1979, 1984, 1990ರಲ್ಲಿ, ಆಮೇಲೆ 2001ರಲ್ಲಿ. ‘ಮೆಥೊಡಿಸ್ಟ್ ಚರ್ಚ್ ಇನ್ ಸದರ್ನ್ ಏಷ್ಯಾ’ ಎಂಬ ಹೆಸರು ಹೋಗಿ ‘ಇನ್ ಇಂಡಿಯಾ’ ಬಂದದ್ದು 1981ರ ಜನವರಿಯಲ್ಲಿ, ಹಾಗಾಗಿ ಮೊದಲೆರಡು ಬಿಟ್ಟುಹೋದವು. 2001ರ ಹೊತ್ತಿಗೆ ಮೂಲೆ ಮೂಲೆಗೂ ಜೆರಾಕ್ಸ್ ಬಂದಿತ್ತು, ಸೈಕ್ಲೋಸ್ಟೈಲ್ ಯಾರೂ ಹಚ್ಚುತ್ತಿರಲಿಲ್ಲ. ಉಳಿದದ್ದು 1984 ಅಥವಾ 1990. ಇವೆರಡರ ನಡುವೆ ತೀರ್ಮಾನಕ್ಕೆ ಈಸ್ಟರ್ ಹಿಡಿಯಿರಿ. 1984ರಲ್ಲಿ ಈಸ್ಟರ್ ಏಪ್ರಿಲ್ 22, ಶಿಬಿರ ಆ ವರ್ಷದ್ದಾದರೆ ಶುರುವಾದದ್ದು ಈಸ್ಟರ್ ಕಳೆದ ಎರಡನೇ ಭಾನುವಾರದ ಮರುದಿನ. 1990ರಲ್ಲಿ ಈಸ್ಟರ್ ಏಪ್ರಿಲ್ 15, ಆಗ ಅದು ಮೂರನೇ ಭಾನುವಾರದ ಮರುದಿನ. ಆ ವರ್ಷಗಳ ಆರಾಧನೆ ಹಾಜರಿ ಪುಸ್ತಕ ಅಥವಾ ಕಾಣಿಕೆ ಲೆಕ್ಕ ಚರ್ಚಿನಲ್ಲಿ ಇದ್ದೇ ಇರುತ್ತದೆ. ಶಿಬಿರದ ಸುತ್ತಲಿನ ಭಾನುವಾರಗಳ ಜೊತೆ ತಾಳೆ ನೋಡಿ.

ಬೇರೆ ಕಾಗದಗಳಿಗೆ: ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗೆ ಮುಂಚಿನದು ಅನ್ನಬಹುದು, ಆದರೆ ಅದು ರಬ್ಬರ್ ಸ್ಟ್ಯಾಂಪ್ ಆಗಿದ್ದರೆ ನಂಬಬೇಡಿ. ರಾಜ್ಯದ ಹೆಸರು ಬದಲಾಯಿತೆಂದು ಮರುದಿನವೇ ಹೊಸ ಸ್ಟ್ಯಾಂಪ್ ಮಾಡಿಸುವ ಖಜಾಂಚಿ ಯಾವ ಸಭೆಯಲ್ಲೂ ಇಲ್ಲ. ವಹಿಯಲ್ಲಿ ಆಣೆ ಇದ್ದರೆ 1957ರ ಆಸುಪಾಸು ಅಥವಾ ಅದಕ್ಕೂ ಹಿಂದಿನದು. ಸೇರು ಮಾತ್ರ ಸುಳಿವಲ್ಲ. ಕಿಲೊ ಕಡ್ಡಾಯವಾಗಿ ದಶಕಗಳಾದ ಮೇಲೂ ನಮ್ಮ ಹಳ್ಳಿಗಳಲ್ಲಿ ಜೋಳ ಸೇರಿನ ಲೆಕ್ಕದಲ್ಲೇ ಬರುತ್ತಿತ್ತು. ಕಲರ್ ಫೋಟೊದ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಬಿದ್ದಿದ್ದರೆ ಅದನ್ನೂ ಪರೀಕ್ಷೆ ಮಾಡದೆ ಒಪ್ಪಬೇಡಿ. ಸೆಲ್ ಬದಲಿಸಿದಾಗ ಆ ಕ್ಯಾಮೆರಾಗಳ ತಾರೀಖು ಹಿಂದಕ್ಕೆ ಹೋಗಿ ಕೂರುತ್ತಿತ್ತು.

ಫೋಟೊ ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಮುಂಭಾಗಕ್ಕೆ ಗೀರು ಒತ್ತಿ ಬರುತ್ತದೆ. ಮೆತ್ತನೆ ಪೆನ್ಸಿಲ್ ಸಾಕು. ಗ್ರೂಪ್ ಫೋಟೊ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ತಲೆಗಳ ಸುತ್ತು ಬರೆದು, ಆ ಕಾಗದದ ಮೇಲೆ ನಂಬರ್ ಹಾಕಿ ಹೆಸರು ಕೇಳಿ. ಸೈಕ್ಲೋಸ್ಟೈಲ್ ಪುಸ್ತಕದ ಸ್ಟೇಪಲ್ ಪಿನ್ ತುಕ್ಕು ಹಿಡಿದು ಕಾಗದ ತಿನ್ನುತ್ತಿರುತ್ತದೆ. ಪಿನ್ನಿನ ಕಾಲು ಮೊದಲು ನೆಟ್ಟಗೆ ಮಾಡಿ ಆಮೇಲೆ ತೆಗೆಯಿರಿ. ಲ್ಯಾಮಿನೇಷನ್ ಮತ್ತು ಸೆಲ್ಲೋ ಟೇಪ್ ಎರಡೂ ಬೇಡ, ಹಾಕಿದ ಮೇಲೆ ಬಿಡಿಸುವ ದಾರಿ ಇಲ್ಲ. ಸ್ಕ್ಯಾನ್ ಮಾಡುವಾಗ ಪುಟಕ್ಕೆ 300, ಫೋಟೊಗೆ 600 ಡಿ.ಪಿ.ಐ.

ಹಿರಿಯರ ವಿಷಯ. ‘ಶಿಬಿರ ಹೆಂಗಿತ್ತು’ ಎಂದು ಕೇಳಿದರೆ ‘ಛೊಲೊ ಇತ್ತು’ ಎಂದೇ ಉತ್ತರ ಬರುತ್ತದೆ. ಕೆಲಸ ಹಿಡಿದು ಕೇಳಿ. ಬಾವಿಗೆ ಹಗ್ಗ ಯಾರ ಮನೆಯದು? ಗಂಟೆ ಬಾರಿಸಲು ರೈಲು ಹಳಿ ತುಂಡೋ, ಚರ್ಚಿನ ಗಂಟೆಯೋ? ರೊಟ್ಟಿ ಎಣಿಸಿ ಹಾಕುತ್ತಿದ್ದವರು ಯಾರು? ರಾತ್ರಿ ಗ್ಯಾಸ್ ಬತ್ತಿಗೆ (ಸೀಮೆಎಣ್ಣೆಯ ಪೆಟ್ರೊಮ್ಯಾಕ್ಸ್ ದೀಪ) ಗಾಳಿ ಹೊಡೆಯುವ ಪಾಳಿ ಯಾರದು? ಹೆಣ್ಣುಮಕ್ಕಳನ್ನು ಬೇರೆ ಕೂರಿಸಿ ಕೇಳಿ, ಅಡುಗೆಮನೆಯ ಅರ್ಧ ಚರಿತ್ರೆ ಅವರ ಬಳಿ ಇದೆ.

ತೊಗರಿ ಕಣಜ, ಕಲಬುರಗಿ

ಅಣ್ಣಾರ, ಇಸವಿ ಹ್ಯಾಂಗರೆ ಸಿಗತದ, ಮೊದ್ಲ ನೀರು ನೋಡ್ರಿ. ಮೇ ತಿಂಗಳದಾಗ ನಮ್ ಕಡಿ 42 ಡಿಗ್ರಿ ಮಾಮೂಲಿ. ಕುಡಿಲಾಕ ಒಬ್ಬರಿಗೆ ದಿನಕ್ಕ 5 ಲೀಟರ್, ಅಡಿಗಿ, ಸ್ನಾನ, ಪಾತ್ರಿ ತಿಕ್ಕೋದು ಎಲ್ಲಾ ಸೇರಿ 40 ಲೀಟರ್ ಹಿಡೀರಿ. ನೂರು ಮಂದಿಗೆ 4,000. ಅಡಿಗಿಯವರು, ಸಂದೇಶ ಕೊಡ್ಲಾಕ ಬಂದವರು, ಕೈ ತಪ್ಪಿ ಚೆಲ್ಲೋದು ಸೇರಿಸಿದ್ರ ದಿನಕ್ಕ ಒಂದು 5,000 ಲೀಟರಿನ ಟ್ಯಾಂಕರ್ ಬೇಕೇ ಬೇಕು. ಹಿಂದಕ ಬಂಡಿ ಮ್ಯಾಲ 200 ಲೀಟರಿನ ಡ್ರಮ್ ಹೇರಿ ಬಾವಿಯಿಂದ ಹೊಡೀತಿದ್ರು. ಅದಕ್ಕೇ ಸ್ನಾನ ಬಾವಿ ದಂಡಿಗೇ ಹೋಗಿ ಮಾಡಬೇಕು ಅನ್ನೋ ನಿಯಮ ಇರ್ತಿತ್ತು.

ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂ, 5,000ಕ್ಕ ಸುಮಾರು 12 ಗ್ರಾಂ. ನೆಟ್ಟಗ ಟ್ಯಾಂಕಿಗೆ ಸುರೀಬ್ಯಾಡ್ರಿ. ಬಕೆಟಿನಾಗ ಕಲಸಿ, ಸುಣ್ಣ ತಳಕ್ಕ ಕೂಡ್ಲಿ, ಮ್ಯಾಲಿನ ತಿಳಿ ಅಷ್ಟೇ ಹಾಕಿ ಒಂದು ತಾಸು ಬಿಡ್ರಿ. ಬಾಯಿ ತೆಗೆದಿಟ್ಟ ಹಳೇ ಪೌಡರ್ ಬರೇ ಸುಣ್ಣ ಆಗಿರ್ತದ, ಘಾಟು ವಾಸನಿ ಇಲ್ಲಂದ್ರ ತಗೋಬ್ಯಾಡ್ರಿ. ಕುಡಿಯೋ ನೀರು ರಂಜಣಗಿಯಾಗ (ದೊಡ್ಡ ಮಣ್ಣಿನ ಗಡಗಿ) ತುಂಬಿ, ಉದ್ದ ಹಿಡಿಕಿ ಸೌಟು ಕಟ್ರಿ. ತಂಬಗಿ ಇಟ್ರ ನೂರು ಕೈ ಒಳಗ ಹೋಗ್ತಾವ, ಮೂರನೇ ದಿನ ಭೇದಿ ಹಿಡೀತದ. ಭೇದಿ ಆದವರಿಗೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ರಿ, ಅರ್ಧ ಚಮಚ ಉಪ್ಪು, ಚಮಚ ಮಟ್ಟಸ ಇರ್ಲಿ. ಉಪ್ಪು ಜಾಸ್ತಿ ಆದ್ರ ಉಲ್ಟಾ ಆಗ್ತದ.

ಈಗ ರೊಟ್ಟಿ. ಕೆ.ಜಿ. ಹಿಟ್ಟಿಗೆ 11-12 ರೊಟ್ಟಿ ಬರ್ತಾವ. ಒಬ್ಬರಿಗೆ ಮೂರು ಹಿಡಿದ್ರ 300 ರೊಟ್ಟಿ, 26 ಕೆ.ಜಿ. ಹಿಟ್ಟು, ಅದೂ ಒಂದೇ ಹೊತ್ತಿಗೆ. ಕೈ ಪಳಗಿದಾಕಿ ತಾಸಿಗೆ 30 ಬಡೀತಾಳ. ಅಂದ್ರ ಐದು ಹಂಚು ಹೂಡಿದ್ರೂ ಎರಡು ತಾಸು ಒಲಿ ಮುಂದ ಕೂಡಬೇಕು. ಬ್ಯಾಸಗಿಯಾಗ ಅದು ನಡಿಯಂಗಿಲ್ಲ ಅಂತೇ ಹಳ್ಳಿ ಸಭೆಗಳಿಂದ ಕಟಕ (ಒಣಗಿಸಿದ) ರೊಟ್ಟಿ ಬುಟ್ಟಿ ತರಸ್ತಿದ್ರು. ನೀವೂ ಹಂಗೇ ಮಾಡ್ರಿ. ಬಿಸಿ ಇರೋವಾಗ ಪ್ಲಾಸ್ಟಿಕ್ ಚೀಲದಾಗ ತುಂಬಿದ್ರ ಬೂಸು ಹತ್ತತದ. ಪೂರ್ತಿ ಆರಿಸಿ, ಬಿಳಿ ಅರಿವಿ ಹಾಸಿದ ಬುಟ್ಟಿಯಾಗ ಇಟ್ರ ಮೂರು ದಿನ ಏನೂ ಆಗಂಗಿಲ್ಲ. ಒಂದು ಹೊತ್ತು ಬಿಸಿ ರೊಟ್ಟಿ ಮಾಡ್ಲೇಬೇಕಂದ್ರ ತಾಜಾ ಬೀಸಿದ ಹಿಟ್ಟು ತರ್ರಿ. ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ, ಕುದಿ ಎಸರು ಹಾಕಿ ನಾದಿದ್ರೂ ಅಂಚು ಬಿರೀತದ.

ಉಳಿದದ್ದು ನೂರು ಮಂದಿಗೆ: ಅಕ್ಕಿ ಹೊತ್ತಿಗೆ 12 ಕೆ.ಜಿ. (ರೊಟ್ಟಿ ಇದ್ರ 8 ಸಾಕು), ತೊಗರಿ ಬ್ಯಾಳಿ 5, ಉಪ್ಪಿಟ್ಟಿಗೆ ರವಾ 7, ಸೂಸ್ಲಾಕ್ಕ ಚುರುಮುರಿ 4. ಚಹಾಕ್ಕ ಹಾಲು 5 ಲೀಟರ್, ನೀರು 6, ಪುಡಿ ಕಾಲು ಕೆ.ಜಿ., ಸಕ್ರಿ ಒಂದು ಕೆ.ಜಿ.

ಬ್ಯಾಳಿ ಮುಂಜಾನಿ ಕುದಿಸಿ ಸಂಜಿಗೆ ಬಡಸೋ ವಿಚಾರ ಬಿಡ್ರಿ, ನಾಲ್ಕು ತಾಸಿನಾಗ ಹುಳಿ ನೊರಿ ಏಳತದ. ಬಿಸಿ ಡಬರಿಗೆ ಮುಚ್ಚಳ ಬಿಗಿ ಮಾಡಿದ್ರಂತೂ ಇನ್ನೂ ಲಗೂನ. ಪುಂಡಿ ಪಲ್ಯ ಮಾಡೋರು ಬಾಡಿಗಿ ಪಾತ್ರಿ ಒಳಗ ಕೈ ಹಾಕಿ ನೋಡ್ರಿ. ತಾಮ್ರ-ಹಿತ್ತಾಳಿಗೆ ಕಲಾಯಿ ಹೋಗಿ ಕೆಂಪು ಕಾಣಾಕ್ಹತ್ತಿದ್ರ ಹುಳಿ ಹತ್ತಿ ಕಿಲುಬು ಬಿಡತದ, ತಿಂದವರೆಲ್ಲಾ ವಾಂತಿ. ಸ್ಟೀಲ್ ಸಿಕ್ರ ಅದೇ ತಗೋರಿ, ‘ಹಳೇ ಪದ್ಧತಿ’ ಹಟ ಇಲ್ಲಿ ಬ್ಯಾಡ.

ಭೀಮಾ ದಂಡಿ, ಯಾದಗಿರಿ

ಅಡುಗೆ ಲೆಕ್ಕ ಸರಿಯಾಗಿದೆ. ಒಂದೇ ತಕರಾರು: ನಮ್ಮ ಕಡೆ ಮಧ್ಯಾಹ್ನಕ್ಕೆ ಅನ್ನ-ಮಜ್ಜಿಗೆ, ರಾತ್ರಿಗೆ ರೊಟ್ಟಿ ಇಡುತ್ತಿದ್ದರು. ಬಿಸಿಲಲ್ಲಿ ಒಣ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ದಿನಚರಿ ಬಿಸಿಲಿನ ಮೇಲೆ ನಿಂತಿರುತ್ತಿತ್ತು. 5ಕ್ಕೆ ಗಂಟೆ, ಮುಕ್ಕಾಲು ತಾಸಿನ ನಂತರ ಬೇವಿನ ನೆರಳಲ್ಲಿ ಒಬ್ಬೊಬ್ಬರೇ ಕೂತು ಮೌನ ಪ್ರಾರ್ಥನೆ. 7ಕ್ಕೆ ಬೈಬಲ್ ಅಧ್ಯಯನ, ತಿಂಡಿ, 9.30ರಿಂದ 11.30 ಎರಡನೇ ತರಗತಿ. ಊಟದ ನಂತರ 4ರ ತನಕ ಯಾರೂ ಬಯಲಿಗೆ ಇಳಿಯುವಂತಿಲ್ಲ. ಆ ಹೊತ್ತಿಗೆ ಕಂಠಪಾಠ ವಚನ, ಕ್ವಿಜ್ ತಯಾರಿ, ನಾಟಕದ ಅಭ್ಯಾಸ. 5.30ಕ್ಕೆ ವಾಲಿಬಾಲ್, ಖೋ ಖೋ. 7.30ಕ್ಕೆ ಭಜನೆ, ಸಂದೇಶ, ಸಾಕ್ಷಿ (ತಮ್ಮ ನಂಬಿಕೆಯ ಅನುಭವ ಹೇಳುವುದು). 10ಕ್ಕೆ ಬತ್ತಿ ಆರಬೇಕು. ಈಗಿನವರು 2 ಗಂಟೆಗೆ ಸಂದೇಶ ಇಟ್ಟು, ಕೇಳುಗರು ತೂಕಡಿಸಿದರೆ ಭಕ್ತಿ ಕಡಿಮೆ ಅನ್ನುತ್ತಾರೆ. ಭಕ್ತಿಯದೇನು ತಪ್ಪು?

ಅಧ್ಯಯನಕ್ಕೆ ಪುಸ್ತಕ ಆರಿಸುವಾಗ ದಿನ ಎಣಿಸಿ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ನಾಲ್ಕು ಅಧ್ಯಾಯ, ನಾಲ್ಕು ದಿನಕ್ಕೆ ಅಳತೆ ಮಾಡಿದಂತೆ ಕೂರುತ್ತದೆ. ನಿಮ್ಮ ಮೂರು ದಿನಕ್ಕೆ ತೀತನಿಗೆ ಬರೆದದ್ದು ಸರಿ, ಮೂರೇ ಅಧ್ಯಾಯ.

ವಚನ ಹುಡುಕುವ ಸ್ಪರ್ಧೆ ಹೀಗೆ: ಸತ್ಯವೇದ ಮುಚ್ಚಿ ತಲೆ ಮೇಲೆ ಹಿಡಿಯಬೇಕು. ನಡೆಸುವವರು ವಚನದ ಅಂಕಿ ಎರಡು ಸಲ ಹೇಳಿ, ಎಲ್ಲರೂ ಒಟ್ಟಿಗೆ ಅದನ್ನೇ ತಿರುಗಿ ಹೇಳಿದ ಮೇಲೆ ‘ಹುಡುಕಿ’ ಅನ್ನಬೇಕು. ಸಿಕ್ಕವರು ಎದ್ದು ನಿಂತು ತಕ್ಷಣ ಓದಬೇಕು, ಓದಲು ತಡವರಿಸಿದರೆ ಅಂಕ ಇಲ್ಲ. ಎದ್ದು ನಿಂತ ಮೇಲೆ ಹುಡುಕುವ ಜಾಣರು ಎಲ್ಲ ಕಾಲದಲ್ಲೂ ಇದ್ದಾರೆ. ಒಂದೇ ಅಧ್ಯಾಯದ ಐದು ಪುಸ್ತಕಗಳನ್ನು, ಅಂದರೆ ಓಬದ್ಯ, ಫಿಲೆಮೋನ, 2 ಮತ್ತು 3 ಯೋಹಾನ, ಯೂದ, ಕೊನೆಯ ಸುತ್ತಿಗೆ ಇಟ್ಟುಕೊಳ್ಳಿ. ತೆಳು ಪುಟಗಳು, ಬೆರಳಿಗೆ ಸಿಗದೆ ಜಾರುತ್ತವೆ. ಎಲ್ಲರ ಕೈಯಲ್ಲೂ ಕಾಗದದ ಪ್ರತಿ ಇರಲಿ, ಮೊಬೈಲ್ ಬಂದರೆ ಆಟ ಮುಗಿಯಿತು.

ಮಲಗುವುದು: ಶಹಾಬಾದ್ ಕಲ್ಲಿನ ನೆಲ ತಂಪು, ಆದರೆ ಅದೇ ಕಲ್ಲಿನ ಮಾಳಿಗೆ ಹಗಲಿನ ಕಾವು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಹತ್ತರ ತನಕ ಒಳಗೆ ಕಾಲಿಡಲಾಗದು. ಹೊರಗೆ ಚಾಪೆ ಹಾಸಿ, ಕಲ್ಲುಗುಪ್ಪೆ, ಕಟ್ಟಿಗೆ ರಾಶಿಯಿಂದ ದೂರ. ಚೇಳಿರುತ್ತವೆ. ಬೆಳಗ್ಗೆ ಚಪ್ಪಲಿ, ಹಾಸಿಗೆ ಝಾಡಿಸುವುದು ನಿಯಮವಾಗಲಿ.

ಗ್ಯಾಸ್ ಬತ್ತಿ ಹಚ್ಚುವುದು ಈಗ ಬಲ್ಲವರು ಕಡಿಮೆ. ಹೊಸ ಮ್ಯಾಂಟಲ್ (ಬೆಳಕು ಕೊಡುವ ಬಟ್ಟೆಯ ಜಾಲರಿ ಚೀಲ) ಕಟ್ಟಿ, ಬೆಂಕಿ ತಾಗಿಸಿ ಬೂದಿ ಜಾಲರಿ ಆಗಲು ಬಿಡಬೇಕು. ಆಮೇಲೆ ಅದಕ್ಕೆ ಬೆರಳು ತಾಗಿದರೂ ಉದುರುತ್ತದೆ. ಬಟ್ಟಲಿಗೆ ಸ್ಪಿರಿಟ್ ಹಾಕಿ ಕೊಳವೆ ಕಾಯಿಸಿ, ಸ್ಪಿರಿಟ್ ಪೂರ್ತಿ ಉರಿಯುವ ಹೊತ್ತಿಗೆ ಗಾಳಿ ಹೊಡೆಯಿರಿ. ಕಾಯುವ ಮುಂಚೆ ಹೊಡೆದರೆ ಸೀಮೆಎಣ್ಣೆ ಹಸಿಯಾಗಿ ಚಿಮ್ಮಿ ಜ್ವಾಲೆ ಏಳುತ್ತದೆ, ಮಸಿ ಹಿಡಿಯುತ್ತದೆ. ಬೆಳಕು ಮಿಣಮಿಣ ಅಂದರೆ ನಿಪ್ಪಲ್ ಕಟ್ಟಿದೆ, ಪಿನ್ ಆಡಿಸಿ. ದೊಡ್ಡ ಬತ್ತಿಗೆ ಒಂದು ಲೀಟರ್ ಸುಮಾರು 8 ತಾಸು. ವೇದಿಕೆಗೆ ನೇರ ಮೇಲೆ ತೂಗುಹಾಕಬೇಡಿ, ಹುಳ ಎಲ್ಲ ಸಂದೇಶ ಕೊಡುವವರ ಮೇಲೆ ಬೀಳುತ್ತವೆ.

ಹುಮನಾಬಾದ್ ನಾಕಾ

ಎಲ್ಲರಿಗೂ ಧನ್ಯವಾದ. ಕಾಣಿಕೆ ಪುಸ್ತಕ ಹುಡುಕಿಸುತ್ತೇವೆ. ಇನ್ನೆರಡು: ಒಂದು ಕ್ಯಾಸೆಟ್ಟಿನ ಟೇಪ್ ಅಂಚಿಗೆ ಬಿಳಿ ಪುಡಿಯಂಥದ್ದು ಕಾಣುತ್ತಿದೆ, ಹಾಕಿ ಕೇಳಬಹುದೇ? ಕೊನೆಯ ರಾತ್ರಿ ಕ್ಯಾಂಪ್ ಫೈರ್ ಮೇ ತಿಂಗಳ ಗಾಳಿಯಲ್ಲಿ ಹೇಗೆ?

ಮುರುಮ್ ಮಣ್ಣು, ಬೀದರ್

ಹಾಕಲೇಬೇಡಿ. ಅದು ಬೂಸು, ಪ್ಲೇಯರಿನ ಹೆಡ್‌ಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿ ಒಣ ಜಾಗದಲ್ಲಿಟ್ಟು, ಟೇಪ್ ಸ್ವಚ್ಛ ಮಾಡುವವರ ಕೈಗೇ ಕೊಡಿ. ಚೆನ್ನಾಗಿರುವ ಇನ್ನೊಂದರ ಮೇಲಂಚಿನ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿದುಬಿಡಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಪ್ಲೇ ಮಾಡುವ ಮುಂಚೆ ಕೊನೆ ತನಕ ಮುಂದಕ್ಕೆ, ಮತ್ತೆ ಹಿಂದಕ್ಕೆ ಒಮ್ಮೆ ಸುತ್ತಿ, ಅಂಟಿದ ಸುರುಳಿ ಸಡಿಲವಾಗುತ್ತದೆ. ಒಳಗಿನ ಸ್ಪಂಜಿನ ಒತ್ತುಗುಂಡಿ ಬಿದ್ದುಹೋಗಿದ್ದರೆ ಸದ್ದು ಮಂದ ಬರುತ್ತದೆ. ಸ್ಕ್ರೂ ಇರುವ ಚಿಪ್ಪಾದರೆ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿ ಬದಲಿಸಬಹುದು.

ತೊಗರಿ ಕಣಜ, ಕಲಬುರಗಿ

ಬೆಂಕಿ ಹಚ್ಚೋದಿದ್ರ ಮೊಳಕಾಲುದ್ದ ಗುಂಡಿ ತೋಡಿ ಒಳಗ ಹಚ್ರಿ, ಸುತ್ತ ಹತ್ತು ಹೆಜ್ಜಿ ಕಸ-ಕಡ್ಡಿ ಬಳೀರಿ. ತೊಗರಿ ಕಟ್ಟಿಗಿ ಲಗೂ ಹತ್ತತದ, ಆದ್ರ ಕಿಡಿ ಭಾಳ ಹಾರಸ್ತದ. ಹೊತ್ತಸಲಾಕ ಅಷ್ಟೇ ಅದು, ಮ್ಯಾಲ ಜಾಲಿ ಬೊಡ್ಡಿ ಇಡ್ರಿ. ಹತ್ರ ಕಣಕಿ (ಒಣ ಮೇವು) ಬಣವಿ ಇದ್ರ ಕ್ಯಾಂಪ್ ಫೈರ್ ಕೈಬಿಟ್ಟು ಕಂದೀಲ ಇಟ್ಟು ಕೂಡ್ರಿ. ಗುಡುಗು ಗಾಳಿ ಸಾಮಾನ್ಯ ಸಂಜಿ 4ರ ಮ್ಯಾಲೇ ಏಳತದ, ಅವತ್ತು ಮುಗಿಲು ಕಪ್ಪಾದ್ರ ಒಲಿ ಸುದ್ದಾ ಆರಸ್ರಿ.

ಇನ್ನ ಶಾಮಿಯಾನಾ. ಎರಿ ಹೊಲ ಬ್ಯಾಸಗಿಯಾಗ ಬಿರುಕು ಬಿಟ್ಟಿರ್ತದ, ಗೂಟ ಎಷ್ಟು ಬಡಿದ್ರೂ ಹಿಡಿಯಂಗಿಲ್ಲ. ಹಗ್ಗ ಮಣ್ಣು ತುಂಬಿದ ಚೀಲಕ್ಕ ಕಟ್ಟಿ, ಒಂದೊಂದು ಮೂಲಿಗೆ ಎರಡೆರಡು ಚೀಲ ಹೇರ್ರಿ. ಬಸವ ಜಯಂತಿ, ಮದವಿ ಎಲ್ಲಾ ಅದೇ ದಿನದಾಗ ಬರ್ತಾವ. ಶಾಮಿಯಾನಾ, ಡಬರಿ, ಅಡಿಗಿಯವರು, ಮೂರಕ್ಕೂ ಮಾರ್ಚ್ ತಿಂಗಳದಾಗೇ ಮುಂಗಡ ಕೊಟ್ಟು ಚೀಟಿ ತಗೋರಿ.