ನಾಲ್ಕು ವರ್ಷದ ಹುಡುಗ ಕಚ್ಚುತ್ತಾನೆ, ಸಹಾಯ ಬೇಕು

ಅಕ್ಕಂದಿರೇ, ನಾನು ಅಂಗನವಾಡಿ ಟೀಚರ್. ಕೇಂದ್ರದಲ್ಲಿ 22 ಮಕ್ಕಳು, ನೋಡಿಕೊಳ್ಳಲು ನಾನು ಮತ್ತು ಸಹಾಯಕಿ ಇಬ್ಬರೇ. ನಾಲ್ಕು ವರ್ಷದ ಒಬ್ಬ ಹುಡುಗ ತಿಂಗಳಿಂದ ಬೇರೆ ಮಕ್ಕಳನ್ನು ಕಚ್ಚುತ್ತಾನೆ, ದೂಡುತ್ತಾನೆ, ಆಟದ ಸಾಮಾನು ಎಸೆಯುತ್ತಾನೆ. ಮೊನ್ನೆ ಒಂದು ಹುಡುಗಿಯ ತೋಳಲ್ಲಿ ಹಲ್ಲಿನ ಗುರುತು ಮೂಡಿತ್ತು. ಅವಳ ಅಜ್ಜಿ ಬಂದು "ಅವನಿದ್ರೆ ನಮ್ಮ ಮಗೂನ ಕಳಿಸಲ್ಲ" ಅಂದರು. ಅವರ ಸಂಕಟವೂ ನ್ಯಾಯವೇ.

ಒಂದು ವಾರ ಬರೆದಿಟ್ಟು ನೋಡಿದೆ. ಗಲಾಟೆ ಹೆಚ್ಚಾಗಿ ಹಾಲು ಕೊಡುವಾಗ, ಸಾಲಲ್ಲಿ ಕಾಯುವ ಹೊತ್ತಿಗೇ. ಲೋಟ ಹಂಚುವ ಕೆಲಸ ಅವನಿಗೆ ಕೊಟ್ಟ ದಿನ ಎಷ್ಟು ಚೆನ್ನಾಗಿದ್ದ ಗೊತ್ತಾ! ಆದರೆ ದಿನವೂ ಅವನಿಗೇ ಕೊಟ್ಟರೆ ಉಳಿದವರು ಅಳುತ್ತಾರೆ. ಮನೆಯಲ್ಲಿ ತಂಗಿ ಹುಟ್ಟಿ ಎರಡು ತಿಂಗಳು. ತಾಯಿ "ನಾಲ್ಕು ಬಾರಿಸಿ ಟೀಚರ್" ಅಂತಾರೆ. ನಾನು ಹೊಡೆಯಲ್ಲ, ಗುಮ್ಮನ ಹೆದರಿಕೆಯನ್ನೂ ಹಾಕಲ್ಲ.

ಹಿಂದಿನಿಂದ ಕರೆದರೆ ಕೆಲವೊಮ್ಮೆ ತಿರುಗಿ ನೋಡುವುದಿಲ್ಲ. ಕಿವಿಯ ತೊಂದರೆ ಇರಬಹುದಾ? ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ವೈದ್ಯರು ಕೇಂದ್ರಕ್ಕೆ ಬರುವವರೆಗೆ ಕಾಯದೆ ಈಗಲೇ ತೋರಿಸಿ ಅಂತ ತಾಯಿಗೆ ಹೇಳಲೇ? ಕಚ್ಚಿದ ಆ ಕ್ಷಣದಲ್ಲಿ ನೀವು ಏನು ಮಾಡ್ತೀರಿ? ಆ ಅಜ್ಜಿಗೆ ಏನಂತ ಹೇಳಲಿ?